ಮಿಸೆಸ್ ಆಡ್ಲರ್ ಅವರ ಮಡಿ

ನ್ಯೂಜರ್ಸಿ, ಏಪ್ರಿಲ್ 1970

ದೊಡ್ಡಮ್ಮನ ಪಾದಕ್ಕೆ ನಮಸ್ಕಾರ. ಕೆಮ್ಮು ಪೂರ್ತಿ ಹೋಯಿತು.

ಸಸ್ಯಾಹಾರಿಯಾದ ನನಗೆ ಇಲ್ಲಿ ಗತಿ ಕಾಲೇಜಿನ ಯಹೂದಿ ಹುಡುಗರ ಊಟದ ಮನೆ. ಅಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ; ಅದು ಅವರ ಧರ್ಮದ ಮಡಿ. ಅಡುಗೆಯ ಮಿಸೆಸ್ ಆಡ್ಲರ್ ಥೇಟ್ ನಿಮ್ಮ ಹಾಗೆ, ಒಂದು ಸೌಟನ್ನೂ ನನಗೆ ಮುಟ್ಟಗೊಡುವುದಿಲ್ಲ.

ನಿನ್ನೆ ಯುದ್ಧ ಬೇಡವೆಂದು ಮೆರವಣಿಗೆ ಆಯಿತು. ಬೆಳಿಗ್ಗೆ ನೋಡಿದರೆ ಊಟದ ಮನೆಯ ಗೋಡೆಗೆ ಯಾರೋ “ಯಹೂದಿಗಳೇ, ತೊಲಗಿ” ಎಂದು ಬಣ್ಣದಲ್ಲಿ ಬರೆದಿದ್ದರು. ಬರೆದವರು ನಮ್ಮವರಲ್ಲ ಎಂದು ಮೆರವಣಿಗೆಯವರೂ, ನಿಮ್ಮವರೇ ಎಂದು ಯಹೂದಿ ಹುಡುಗರೂ ಕಿತ್ತಾಡುತ್ತ ನಿಂತರು. ಅಳಿಸುವವರಿಲ್ಲ! ನಾನೇ ಸೆರಗು ಸಿಕ್ಕಿಸಿ ಉಜ್ಜತೊಡಗಿದೆ. ಮಿಸೆಸ್ ಆಡ್ಲರ್ ತಮ್ಮ ಹಾಲಿನ ಪಾತ್ರೆಯಲ್ಲೇ ಬಿಸಿನೀರು ತಂದು ನನ್ನ ಕೈಗೆ ಕೊಟ್ಟರು.

ಕ್ಲಾಸಿಗೆ ಹೊತ್ತಾಯಿತು. ಅವರು ಆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟದ್ದು ಎಂಥ ಮಾತೆಂದು ನಿಮಗೆ ಬಿಡಿಸಿ ಹೇಳಬೇಕೆ, ದೊಡ್ಡಮ್ಮ?

ನಿಮ್ಮ ನಿರುಪಮಾ