ಉಳಿದ ಎಂಟು ಮಾತ್ರೆ

ತಂಗೀ,

ಈ ಕಾರ್ಡು ಬರೆಯುವ ಹುಮ್ಮಸ್ಸು ನನಗಿಲ್ಲ. ಇಲ್ಲಿನ ಡಾಕ್ಟರಮ್ಮ ಪೆನ್ನನ್ನು ಕೈಗೆ ತುರುಕಿ, ಮೇಷ್ಟರ ಹಾಗೆ ಎದುರಿಗೇ ಕೂತಿದ್ದಾರೆ. ಮೂರನೇ ಕ್ಲಾಸಿಗೇ ಈ ಕಾಟ ತಪ್ಪಿತು ಅಂದುಕೊಂಡಿದ್ದೆ.

ಪೇಂಟಿಂಗ್ ಕೆಲಸದ ಜಾಗದಲ್ಲಿ ಬಣ್ಣ ಕಲಸುವ ಡ್ರಮ್ಮಿನ ನೀರು ಕುಡಿದು ಕೆಟ್ಟಿದ್ದ ಹೊಟ್ಟೆ ಮತ್ತೆ ಕೆಟ್ಟು ಆಸ್ಪತ್ರೆ ಸೇರಿದ್ದೇನೆ. ಭಾರೀ ಮರ್ಯಾದೆಯ ಜಾಗ. ಯಾರು ಎಷ್ಟು ಸಲ ಕಕ್ಕಸಿಗೆ ಹೋದರೆಂದು ಬರೆದು ಮಂಚದ ತುದಿಗೆ ತೂಗುಹಾಕುತ್ತಾರೆ. ಪಕ್ಕದ ಮಂಚದ ಬಸ್ ಕಂಡಕ್ಟರು ನಿನ್ನೆ ಹನ್ನೊಂದು ಟ್ರಿಪ್ಪು ಹೊಡೆದು, ನನ್ನ ಒಂಬತ್ತನ್ನು ನೋಡಿ ಮೀಸೆ ತಿರುವಿದ.

"ದಿನಕ್ಕೆರಡರಂತೆ ಏಳು ದಿನದ ಮಾತ್ರೆ ಕೊಟ್ಟಿದ್ದೆ. ಮೂರೇ ದಿನಕ್ಕೆ ಯಾಕ್ರೀ ನಿಲ್ಸಿದ್ರಿ?" ಎಂದರು ಡಾಕ್ಟರಮ್ಮ.

"ಭೇದಿ ನಿಂತಿತ್ತಲ್ಲಮ್ಮ. ಯಾಕೆ ಹಾಳು ಮಾಡೋದು ಅಂತ ಉಳಿದಿದ್ದನ್ನ ತಂಗಿ ಮನೆಗೆ ಕಳಿಸ್ದೆ. ಅವಳ ಮಗೂಗೆ ಆಗಾಗ ಹೊಟ್ಟೆ ಕೆಡುತ್ತೆ."

"ನಿಮ್ಮ ಹೊಟ್ಟೇಲಿ ರೋಗಾಣು ಸತ್ತಿರ್ಲಿಲ್ಲ ಯಜಮಾನ್ರೇ, ಸುಧಾರಿಸ್ಕೊಳ್ತಿದ್ವು. ದೊಡ್ಡವರ ಮಾತ್ರೆ ಮಗೂಗಾ? ಈಗ್ಲೇ ಬರೀರಿ."

ಅರ್ಧ ಮುರಿದು ಕೊಡು ಎಂದು ಚೀಟಿ ಬರೆದ ಮಹಾ ವೈದ್ಯ ನಾನೇ ತಾನೆ. ಆ ಚೀಟಿಯನ್ನು ಒಲೆಗೆ ಹಾಕು. ಪುಟ್ಟಿಗೆ ಒಂದು ಚೂರೂ ಕೊಡಬೇಡ. ಕೊಟ್ಟಾಗಿದ್ದರೆ ಮಾತ್ರೆ ಪೊಟ್ಟಣದ ಸಮೇತ ಇವತ್ತೇ ಅವಳನ್ನು ಡಾಕ್ಟರಿಗೆ ತೋರಿಸು. ನಾನು ಉಪ್ಪು ಸಕ್ಕರೆ ನೀರು ಕುಡಿದುಕೊಂಡು ಬದುಕಿದ್ದೇನೆ. ಈ ಸಲ ಕೊನೇ ಮಾತ್ರೆಯವರೆಗೂ ನುಂಗುತ್ತೇನೆ.

ಕಳಿಸಿದ್ದು ಎಂಟು. ಈಗ ಎಷ್ಟಿವೆ ಎಂದು ಎಣಿಸಿ, ನನ್ನನ್ನು ಇಲ್ಲಿಂದ ಬಿಡುವ ಹದಿನೆಂಟನೇ ತಾರೀಖಿನೊಳಗೆ ಉತ್ತರ ಬರೆ.

ನಿನ್ನಣ್ಣ