ಹೆಸರಿಲ್ಲದ ವಂಶವೃಕ್ಷ

ಆಲ್ತಿನಾಯಕ್ಕಾ,

ಈ ಪತ್ರ ನಿನ್ನ ಸಮಾಧಿಯವರೆಗೂ ಬರೋದಿಲ್ಲ. ಆದರೂ ಬರೀತಿದ್ದೀನಿ.

ಅಲ್ಮಾಟಿಯ ನಮ್ಮ ಸಂಸ್ಥೆಯಲ್ಲಿರೋ ಕ್ಯಾನ್ಸರ್ ಮಾಹಿತಿಯನ್ನೆಲ್ಲ ಇವತ್ತು ಬೆಳಿಗ್ಗೆ ಬೇರೆ ದೇಶಗಳ ಸಂಶೋಧಕರಿಗೂ ಆನ್‌ಲೈನ್‌ನಲ್ಲಿ ತೆರೆದೆವು. ಸಂಶೋಧನೆಗೆ ರಕ್ತ ಕೊಡುವಾಗ ನೀನು ಹೇಳಿದ್ದೆಯಲ್ಲ, "ನನ್ನ ಹೆಸರು ಎಲ್ಲೂ ಬರಬಾರದು ಕಣೇ, ಮಗಳ ಮದುವೆ ಆಗ್ಬೇಕು" ಅಂತ. ಹೆಸರು, ಊರು ಎಲ್ಲ ನಾನೇ ಅಳಿಸಿದ್ದೆ. ನಮ್ಮ ವಂಶವೃಕ್ಷದಲ್ಲಿ ಉಳಿದಿದ್ದು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕ್ಯಾನ್ಸರ್ ಬಂದವರಿಗೆ ಕಪ್ಪು ಬಣ್ಣ, ಅಷ್ಟೇ.

ಚಹಾದ ಹೊತ್ತಿಗೆ ನಮ್ಮ ಸಂಸ್ಥೆಯ ಡಾಕ್ಟರ್ ಸೆಯ್ತೆನ್ ಆ ವಂಶವೃಕ್ಷ ತೆರೆದಿದ್ದ ಪರದೆ ಮುಂದೆ ನಿಂತರು. ನಿನ್ನ ಮಗಳು ಮೋಲ್ದಿರ್‌ಳನ್ನು ತಮ್ಮ ತಮ್ಮನ ಮಗನಿಗೆ ಕೇಳಿರೋದು ಅವರೇ. ನಮ್ಮಲ್ಲಿ ಸಂಬಂಧಕ್ಕೆ ಮುಂಚೆ ರಕ್ತಸಂಬಂಧ ಇದೆಯಾ ಅಂತ ಏಳು ತಲೆಮಾರು ಎಣಿಸ್ತಾರಲ್ಲ, ಹಾಗೇ ಬೆರಳಿಟ್ಟು ಎಣಿಸೋಕೆ ಶುರು ಮಾಡಿದರು.

"ಇಲ್ಲಿ ಅವಳಿ ಗಂಡುಮಕ್ಕಳು. ಇವನಿಗೆ ಮೂರು ಹೆಂಡಿರು, ಭಲೇ ಗಟ್ಟಿಗ," ಅಂತ ನಕ್ಕರು. ಆಮೇಲೆ ನಗು ನಿಂತಿತು. "ಇದನ್ನ ಹೋದ ತಿಂಗಳು ನಿಮ್ಮನೇಲೇ ಎಣಿಸಿದ್ನಲ್ಲಮ್ಮಾ."

ನಾನು ಪರದೆ ಆರಿಸಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಸಂಜೆ ಮೋಲ್ದಿರ್ ಫೋನ್ ಮಾಡಿದಳು. "ಚಿಕ್ಕಮ್ಮಾ, ಹುಡುಗನ ದೊಡ್ಡಪ್ಪ ವಿಚಾರಿಸ್ತಿದ್ರು. ಅಮ್ಮ ಹೋಗಿದ್ದು ಹೃದಯದ ಕಾಯಿಲೆಯಿಂದ ತಾನೇ?"

"ಹೂಂ" ಅಂದೆ.

ಫೋನ್ ಇಟ್ಟ ಮೇಲೆ ಆ ಚಿತ್ರವನ್ನ ಮತ್ತೆ ತೆಗೆದೆ. ಅಜ್ಜಿ ಕಪ್ಪು, ಅಮ್ಮ ಕಪ್ಪು, ನೀನು ಕಪ್ಪು. ನಿನ್ನ ಕೆಳಗೆ ಒಂದು ಬಿಳಿ ವೃತ್ತ ಇದೆ ಅಕ್ಕಾ. ಅವಳು ಇನ್ನೂ ಪರೀಕ್ಷೆ ಮಾಡಿಸಿಲ್ಲ. ಯಾಕೆ ಮಾಡಿಸಬೇಕು ಅಂತ ಅವಳಿಗೆ ಗೊತ್ತೇ ಇಲ್ಲ.