ಹಬ್ಬಕ್ಕೆ ಕೇಳಿದ ರಿವಾಲ್ವರು

ಮುಳಬಾಗಿಲು
12-10-1938

ಶ್ರೀನಿವಾಸಪುರದ ಅಳಿಯಂದಿರು ಗುಂಡೂರಾಯರಿಗೆ,

ದೀಪಾವಳಿ ಉಡುಗೊರೆಗೆ ನೀವು ಕೇಳಿದ್ದ ರಿವಾಲ್ವರನ್ನು ಕೋಲಾರದಲ್ಲಿ ನೋಡಿದೆ. ಅಗ್ಗದ್ದು, ಮೇಲೆ ನಿಕ್ಕಲ್ ಪಾಲಿಷ್, ಫಸ್ಟ್ ಕ್ಲಾಸ್. ಗುಂಡು ತುಂಬುವ ಚಕ್ರ ಅಲ್ಲಾಡುತ್ತಿತ್ತು, ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ತುಕ್ಕು. "ಅಳಿಯನನ್ನೂ ಹಿಂಗೇ ನೋಡಿ ತಂದ್ರಾ ಸ್ವಾಮಿ?" ಎಂದು ಅಂಗಡಿಯವನು ನಕ್ಕ. ಇಲ್ಲ, ಅವತ್ತು ನಿಮ್ಮ ಜಾತಕ, ಮೈಮೇಲಿನ ಕೋಟು ಎರಡೇ ನೋಡಿದ್ದೆ. ಎಕ್ಸಾಮಿನ್ ಬಿಫೋರ್, ಮೊದಲೇ ಪರೀಕ್ಷಿಸು ಅಂತೇನೋ ಕಾಲೇಜಿನಲ್ಲಿ ಓದಿದ್ದೆ, ಮುಂದಿನದು ಮರೆತಿದೆ. ನನ್ನಾಕೆ ಬದುಕಿದ್ದರೆ ಒಳಗೂ ನೋಡುತ್ತಿದ್ದಳು.

ಹಬ್ಬಕ್ಕೆ ಮುಂಚೆಯೇ ಬಂದಿರುವ ಅಂಬಾಬಾಯಿಗೆ ಮೊನ್ನೆ ಎಣ್ಣೆ ಹಚ್ಚುವಾಗ ಅವಳ ಬೆನ್ನಿನ ಬಾಸುಂಡೆಗಳನ್ನು ನನ್ನ ತಂಗಿ ಕಂಡಳು. ಬಿದ್ದೆ ಎಂದಳು ಮಗಳು. "ಬೆಲ್ಟಿನ ಮೇಲೆ ಬಿದ್ದೆಯೇನೇ?" ಎಂದಳು ತಂಗಿ.

ರಿವಾಲ್ವರು ಕೊಳ್ಳಲಿಲ್ಲ. ಮಗಳು ಇಲ್ಲೇ ಇರುತ್ತಾಳೆ. ಮದುವೆಯಲ್ಲಿ ಅವಳ ಜೊತೆ ಕಳಿಸಿದ್ದ ಅವಳ ತಾಯಿಯ ಹೊಲಿಗೆ ಮಿಷನ್ನನ್ನು ಬಸ್ಸಿಗೆ ಹಾಕಿಸಿ. ಅದು ಬಂದರೆ ಸಾಕು, ಹಬ್ಬಕ್ಕೆ ನೀವು ಬರುವುದು ಬೇಡ.

ಅಂಬಾಬಾಯಿಯ ತಂದೆ,
ಭೀಮಸೇನರಾವ್